ಕನಸು ಜಾಸ್ತಿಯಾಗಿದೆಯೋ, ಎಚ್ಚರ ಜಾಸ್ತಿಯಾಗಿದೆಯೋ?

ಪ್ರಶ್ನೆ: ನನಗೆ 48 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮೂರು ತಿಂಗಳಿಂದ ದಿನಾ ಬೆಳಗಿನ ಜಾವ ಕನಸು ಬೀಳುತ್ತಿದೆ. ಹಲ್ಲು ಉದುರಿ ಅಂಗೈಗೆ ಬಂದಂತೆ, ತೀರಿಕೊಂಡ ಅಪ್ಪ ಕಟ್ಟೆಯ ಮೇಲೆ ಕೂತು ಚಾ ಕೇಳಿದಂತೆ. ವಾರಕ್ಕೆರಡು ಸಲವಾದರೂ ಒಂದೇ ಕನಸು ಮರುಕಳಿಸುತ್ತದೆ. ಪ್ರವಾಸಕ್ಕೆ ಕರೆದೊಯ್ದ ಮಕ್ಕಳನ್ನು ಬಸ್ಸಿನ ಹತ್ತಿರ ನಿಲ್ಲಿಸಿ ಎಣಿಸುತ್ತೇನೆ, ಒಬ್ಬ ಕಡಿಮೆ ಬರುತ್ತಾನೆ, ಪಕ್ಕದಲ್ಲೇ ಕೆರೆ. ಅಷ್ಟಕ್ಕೇ ಎಚ್ಚರ. ಗಡಿಯಾರ ನೋಡಿದರೆ ನಾಲ್ಕೂವರೆ. ಆಮೇಲೆ ನಿದ್ದೆ ಹತ್ತುವುದಿಲ್ಲ, ಶಾಲೆಯಲ್ಲಿ ತೂಕಡಿಕೆ. ಅತ್ತೆಯವರು, 'ಬೆಳಗಿನ ಜಾವದ ಕನಸು ಸುಳ್ಳಾಗೋದಿಲ್ಲ, ಹಲ್ಲು ಬಿದ್ದರೆ ಮನೇಲಿ ಸಾವು, ಶಾಂತಿ ಮಾಡಿಸು' ಅಂತಾರೆ. ಸಹೋದ್ಯೋಗಿಯೊಬ್ಬರು, 'ಕನಸು ಬಿತ್ತೆಂದರೆ ಮೆದುಳಿಗೆ ವಿಶ್ರಾಂತಿಯೇ ಸಿಕ್ಕಿಲ್ಲ, ಅರ್ಧ ನಿದ್ದೆ ಮಾತ್ರೆ ನುಂಗಿ' ಅಂದರು. ಅರೆತಲೆನೋವಿಗೆಂದು ನಾಲ್ಕು ತಿಂಗಳಿಂದ ಪ್ರೊಪ್ರನೊಲಾಲ್ 40 ಮಿ.ಗ್ರಾಂ. ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ತಗೊಳ್ಳುತ್ತೇನೆ. ಮನುಷ್ಯನಿಗೆ ಕನಸು ಯಾಕಾದರೂ ಬೀಳುತ್ತದೆ? ನನ್ನದು ಕಾಯಿಲೆಯೇ? ಮಗಳು ತನಗೆ ಕನಸೇ ಬೀಳುವುದಿಲ್ಲ ಅನ್ನುತ್ತಾಳೆ, ಅದೂ ಸರಿಯೇ? ಅಂದ ಹಾಗೆ ನಮ್ಮ ಮನೆಯವರಿಗೆ 58. ಈಚೆಗೆ ಅವರೂ ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬಡಿಯುತ್ತಾರೆ. ಹೋದ ವಾರ ನನ್ನ ಭುಜಕ್ಕೆ ಪೆಟ್ಟು ಬಿತ್ತು. ಅವರೇನೂ ಅದನ್ನು ತಲೆಗೆ ಹಚ್ಚಿಕೊಂಡಿಲ್ಲ.

ಉತ್ತರ: ನಿಮ್ಮ ಕನಸುಗಳ ಬಗ್ಗೆ ಪತ್ರದ ತುಂಬ ಬರೆದು, ಯಜಮಾನರ ಕೂಗಾಟವನ್ನು 'ಅಂದ ಹಾಗೆ' ಎಂದು ಕೊನೆಗೆ ಸೇರಿಸಿದ್ದೀರಿ. ನಿದ್ರಾ ವೈದ್ಯರು ಈ ಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ನಿಮ್ಮ ಕನಸುಗಳು ಕಾಯಿಲೆಯಲ್ಲ. ನಿಮ್ಮ ನಾಲ್ಕೂವರೆಯ ಎಚ್ಚರಕ್ಕೆ ಕಾರಣ ಹುಡುಕಬೇಕು, ಅದು ಬಹುಶಃ ನಿಮ್ಮ ಪತ್ರದಲ್ಲೇ ಇದೆ. ಯಜಮಾನರನ್ನು ಮಾತ್ರ ವೈದ್ಯರ ಬಳಿ ಕರೆದೊಯ್ಯಲೇಬೇಕು. ನೀವು ಕೇಳಿದ ಕ್ರಮದಲ್ಲೇ ಹೋಗೋಣ, ಅವರ ವಿಷಯವನ್ನು ಕೊನೆಯಲ್ಲಿ ವಿವರವಾಗಿ ಬರೆಯುತ್ತೇನೆ.

ಹತ್ತೂವರೆಗೆ ದೀಪ ಆರಿಸಿದಿರಿ ಎಂದಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿನ ಜೊಂಪಿನ ನಂತರ ಗಾಢನಿದ್ದೆಗೆ ಇಳಿಯುತ್ತೀರಿ. ಮಲಗಿ ಸುಮಾರು ಒಂದೂವರೆ ಗಂಟೆ ಕಳೆಯುವ ಹೊತ್ತಿಗೆ ನಿದ್ದೆ ಮೇಲೆದ್ದು ಬೇರೆಯೇ ಬಗೆಯದಾಗುತ್ತದೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚಕಚಕನೆ ಅತ್ತಿತ್ತ ಓಡುತ್ತದೆ, ಉಸಿರು ಏರುಪೇರಾಗುತ್ತದೆ, ನಾಡಿ ತಾಳ ತಪ್ಪುತ್ತದೆ, ಕುತ್ತಿಗೆಯಿಂದ ಕೆಳಗಿನ ಸ್ನಾಯುಗಳು ಸಡಿಲಬಿಟ್ಟು ಬಿದ್ದಿರುತ್ತವೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದನ್ನು ದಾಖಲಿಸಿದರು. ವೈದ್ಯರ ಬಾಯಲ್ಲಿ ಇದಕ್ಕೆ ರೆಮ್ ನಿದ್ದೆ ಎಂದು ಹೆಸರು. ಈ ಹೊತ್ತಿನಲ್ಲಿ ತಟ್ಟಿ ಎಬ್ಬಿಸಿದರೆ ಐದರಲ್ಲಿ ನಾಲ್ಕು ಸಲ ಜನ ಕನಸೊಂದನ್ನು ಹೇಳುತ್ತಾರೆ. ಉಳಿದ ನಿದ್ದೆಯಲ್ಲೂ ಕನಸಿಲ್ಲ ಎಂದಲ್ಲ, ಆದರೆ ಅಲ್ಲಿನವು ಸಾಮಾನ್ಯವಾಗಿ ಚಿಕ್ಕವು, ಮಸುಕು, ಕಥೆಗಿಂತ ಯೋಚನೆಗೆ ಹತ್ತಿರ.

ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಈ ನಿದ್ದೆಯ ಹೊತ್ತು. ರಾತ್ರಿಯ ಮೊದಲ ರೆಮ್ ಐದು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಮತ್ತೆ ಗಾಢನಿದ್ದೆ, ಮತ್ತೆ ರೆಮ್. ತೊಂಬತ್ತು ನಿಮಿಷಕ್ಕೊಂದರಂತೆ ಸುತ್ತು ತಿರುಗುತ್ತಾ ಹೋದ ಹಾಗೆ ಗಾಢನಿದ್ದೆ ಕರಗುತ್ತದೆ, ರೆಮ್ ಉದ್ದವಾಗುತ್ತದೆ. ಕೊನೆಯ ಸುತ್ತಿನಲ್ಲಿ ಅರ್ಧ ಗಂಟೆಯನ್ನೂ ಮೀರಬಹುದು. ವಯಸ್ಕರ ಇಡೀ ರಾತ್ರಿಯಲ್ಲಿ ಇದರ ಪಾಲು ಶೇ. 20ರಿಂದ 25, ಅಂದರೆ ಒಂದೂವರೆ ಗಂಟೆಯ ಆಸುಪಾಸು. ಅದರಲ್ಲಿ ದೊಡ್ಡ ಭಾಗ ಬೀಳುವುದು ಮೂರು ಗಂಟೆಯಿಂದ ಆರರ ನಡುವೆ. ಹತ್ತೂವರೆಗೆ ಮಲಗಿದವರಿಗೆ ನಾಲ್ಕೂವರೆ ಎಂದರೆ ನಾಲ್ಕನೆಯ ಸುತ್ತಿನ ರೆಮ್, ಹೆಚ್ಚು ಕಡಿಮೆ ಗಡಿಯಾರಕ್ಕೆ ಸರಿಯಾಗಿ.

ಹಾಗಾದರೆ ನಾಲ್ಕು ತಿಂಗಳ ಹಿಂದೆ ನಿಮಗೆ ಕನಸು ಬೀಳುತ್ತಿರಲಿಲ್ಲವೇ? ಖಂಡಿತ ಬೀಳುತ್ತಿತ್ತು, ರಾತ್ರಿಗೆ ನಾಲ್ಕೈದು. ನೆನಪಿರುತ್ತಿರಲಿಲ್ಲ, ಅಷ್ಟೇ. ಅನುಭವವನ್ನು ನೆನಪಾಗಿ ಗಟ್ಟಿಗೊಳಿಸಲು ಮೆದುಳಿಗೆ ನೆರವಾಗುವ ರಾಸಾಯನಿಕಗಳಲ್ಲೊಂದು ನಾರ್‌ಅಡ್ರಿನಲಿನ್. ರೆಮ್ ನಿದ್ದೆಯಲ್ಲಿ ಅದನ್ನು ಒದಗಿಸುವ ನರಕೋಶಗಳು ಪೂರ್ತಿ ಮೌನವಾಗಿರುತ್ತವೆ. ಹಾಗಾಗಿ ಕನಸು ನೀರಿನ ಮೇಲಿನ ಬರಹ. ಕನಸಿನ ನಡುವೆಯೇ ಎಚ್ಚರವಾಗಿ, ಎರಡು ಮೂರು ನಿಮಿಷ ಎಚ್ಚರವಾಗಿಯೇ ಉಳಿದರೆ ಮಾತ್ರ ಅದು ನೆನಪಿಗೆ ಸೇರುತ್ತದೆ. ಹೆಚ್ಚು ಕನಸು ನೆನಪಿರುವವರನ್ನು ಫ್ರಾನ್ಸಿನ ಲಿಯೋನ್‌ನಲ್ಲಿ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದಾಗ, ಅವರು ರಾತ್ರಿಯಲ್ಲಿ ಎಚ್ಚರವಾಗಿ ಕಳೆಯುವ ಹೊತ್ತು ಉಳಿದವರಿಗಿಂತ ಸುಮಾರು ಇಮ್ಮಡಿ ಇತ್ತು. ಆದ್ದರಿಂದ 'ಕನಸು ಜಾಸ್ತಿಯಾಗಿದೆ' ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ ಕನಸಿನಲ್ಲಿ ಏನು ಬಂತು ಎಂದಲ್ಲ, ಯಾಕೆ ಎಚ್ಚರವಾಯಿತು ಎಂದು.

ಮಗಳ ಪ್ರಶ್ನೆಗೂ ಉತ್ತರ ಇದರಲ್ಲೇ ಬಂತು. ಅವಳದು ಎಡೆಬಿಡದ ನಿದ್ದೆ. ಅಲಾರಂ ಬಡಿಯುವಾಗ ರೆಮ್ ದಾಟಿರುತ್ತಾಳೆ, ಇಲ್ಲವೇ ಎದ್ದ ಕೂಡಲೇ ಮೊಬೈಲ್ ಹಿಡಿಯುತ್ತಾಳೆ. ಕೊರತೆ ಏನೂ ಇಲ್ಲ.

ಇನ್ನು ಅತ್ತೆಯವರ ಮಾತು. ಬೆಳಗಿನ ಜಾವದ ಕನಸಿಗೆ ವಿಶೇಷವಿದೆ ಎಂದು ಹಿರಿಯರು ಗಮನಿಸಿದ್ದು ಸುಳ್ಳಲ್ಲ. ಆ ಹೊತ್ತಿನ ಕನಸು ಉದ್ದ, ಸ್ಪಷ್ಟ, ಎದ್ದ ಮೇಲೂ ಕಣ್ಣಿಗೆ ಕಟ್ಟಿದಂತಿರುತ್ತದೆ. ಕಾರಣ ಮೇಲೆ ಹೇಳಿದ ರೆಮ್ ನಿದ್ದೆಯ ಲೆಕ್ಕ. ಅದು ನಿಜವಾಗುತ್ತದೆ ಎನ್ನುವುದು ಬೇರೆ ಮಾತು. ಊರಿನಲ್ಲಿ ಸಾವಿರ ಜನ ಮಲಗಿದರೆ ಒಂದು ರಾತ್ರಿಗೆ ನಾಲ್ಕೈದು ಸಾವಿರ ಕನಸು. ಅದರಲ್ಲಿ ಒಂದು ಮರುದಿನದ ಘಟನೆಗೆ ಹೊಂದಿಕೊಂಡರೆ ಅದನ್ನು ಊರೆಲ್ಲ ವರ್ಷಗಟ್ಟಲೆ ಹೇಳುತ್ತದೆ. ಹೊಂದದ ಉಳಿದವನ್ನು ಕಂಡವರೇ ಹಲ್ಲುಜ್ಜುವುದರೊಳಗೆ ಮರೆತಿರುತ್ತಾರೆ. ಶಾಸ್ತ್ರದ ಮಾತೇ ಬೇಕೆಂದರೆ ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟಿದ್ದು. ಇದರಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಎಂದು ವೈದ್ಯ ತಿಳಿಯಬೇಕು ಎಂದು ಅಲ್ಲೇ ಹೇಳಿದೆ. ನೀವು ಬರೆದ ಕನಸುಗಳಲ್ಲಿ ಅಪ್ಪ ಕಂಡವರು, ಮಕ್ಕಳ ಎಣಿಕೆ ಅನುಭವಿಸಿದ್ದು. ಆರನೆಯ ಬಗೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅತ್ತೆಯವರೊಂದಿಗೆ ವಾದ ಮಾಡುವುದಕ್ಕಿಂತ ಚರಕರನ್ನು ಮುಂದಿಡುವುದು ಮನೆಯಲ್ಲಿ ಹೆಚ್ಚು ನಡೆಯುತ್ತದೆ. ಶಾಂತಿ ಮಾಡಿಸುವುದರಿಂದ ಅವರ ಮನಸ್ಸು ಹಗುರವಾಗುವುದಾದರೆ ಮಾಡಿಸಿ, ನಿದ್ದೆಗೇನೂ ಅಡ್ಡಿಯಿಲ್ಲ. ಅದಕ್ಕಾಗಿ ಸಾಲ ಮಾಡಬೇಡಿ, ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಹಲ್ಲು ಉದುರುವ ಕನಸು ಲೋಕದ ಎಲ್ಲ ಕಡೆ ಬೀಳುವಂಥದ್ದು. 2018ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಈ ಕನಸಿಗೆ ನಂಟು ಕಂಡದ್ದು ಮನಸ್ಸಿನ ಬೇಗುದಿಯೊಂದಿಗೆ ಅಲ್ಲ, ಬೆಳಿಗ್ಗೆ ಎದ್ದಾಗ ಹಲ್ಲು, ವಸಡು, ದವಡೆಯಲ್ಲಿ ಆಗುವ ಬಿಗಿತ ಮತ್ತು ನೋವಿನೊಂದಿಗೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹೀಗಾಗುತ್ತದೆ. ಹಲ್ಲು ಕಡಿತ ಅರೆತಲೆನೋವನ್ನೂ ಕೆರಳಿಸಬಲ್ಲದು. ಹಾಗಾಗಿ ಬೆಳಿಗ್ಗೆ ಕಿವಿಯ ಮುಂದಿನ ದವಡೆಯ ಕೀಲನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳಿ. ನೋವಿದ್ದರೆ, ಹಲ್ಲಿನ ತುದಿ ಸವೆದಿದ್ದರೆ ಸಾವಿನ ಚಿಂತೆ ಬಿಟ್ಟು ದಂತವೈದ್ಯರಿಗೆ ತೋರಿಸಿ. ರಾತ್ರಿ ಹಾಕಿಕೊಳ್ಳುವ ಹಲ್ಲಿನ ಕವಚ ಮಾಡಿಕೊಡುತ್ತಾರೆ. ಅಪ್ಪನ ಕನಸಿಗೆ ನಾನು ಏನೂ ಸೇರಿಸುವುದಿಲ್ಲ. ತೀರಿಕೊಂಡವರು ಕನಸಿಗೆ ಬರುವುದು ತೀರ ಸಹಜ, ಅದನ್ನು ಓಡಿಸಲು ಔಷಧಿ ಬೇಕಿಲ್ಲ.

'ಮೆದುಳಿಗೆ ವಿಶ್ರಾಂತಿಯೇ ಇಲ್ಲ' ಎಂದ ಸಹೋದ್ಯೋಗಿಯ ಮಾತು ಅರ್ಧ ನಿಜ. ರೆಮ್ ನಿದ್ದೆಯಲ್ಲಿ ಮೆದುಳು ಎಚ್ಚರದಲ್ಲಿದ್ದಷ್ಟೇ ಚುರುಕು. ಮೆದುಳುಕಾಂಡದ ಪಾನ್ಸ್ ಎಂಬ ಭಾಗದಿಂದ ಈ ನಿದ್ದೆ ಹೊರಡುತ್ತದೆ. ದೃಶ್ಯಗಳನ್ನು ಕಟ್ಟುವ ಹಿಂಭಾಗ, ಭಯ ಮತ್ತು ಭಾವನೆಯ ಕೇಂದ್ರವಾದ ಅಮಿಗ್ಡಲ, ನೆನಪಿನ ಹಿಪೊಕ್ಯಾಂಪಸ್ ಎಲ್ಲ ಕೆಲಸಕ್ಕಿಳಿಯುತ್ತವೆ. ಹಣೆಯ ಹಿಂದಿರುವ, 'ಇದು ಹೇಗೆ ಸಾಧ್ಯ?' ಎಂದು ಪ್ರಶ್ನಿಸುವ ಭಾಗ ಮಾತ್ರ ತೂಕಡಿಸುತ್ತಿರುತ್ತದೆ. ತೀರಿಕೊಂಡ ಅಪ್ಪ ಚಾ ಕೇಳಿದರೂ ಕನಸಿನಲ್ಲಿ ನಿಮಗೆ ಆಶ್ಚರ್ಯವಾಗದೆ ಇರುವುದು, ಮಕ್ಕಳ ಲೆಕ್ಕ ತಪ್ಪಿದ ಕೂಡಲೇ ಎದೆ ನಡುಗುವುದು, ಎರಡೂ ಇದರಿಂದಲೇ. ಆದರೆ ಇದು ವಿಶ್ರಾಂತಿಗೆ ಬಂದ ಅಡ್ಡಿಯಲ್ಲ, ನಿದ್ದೆಯ ಒಂದು ಭಾಗವೇ. ಒಂದೆರಡು ರಾತ್ರಿ ಈ ನಿದ್ದೆಯನ್ನು ತಪ್ಪಿಸಿದರೆ ಮುಂದಿನ ರಾತ್ರಿ ಮೆದುಳು ಬಾಕಿ ವಸೂಲಿ ಮಾಡುತ್ತದೆ. ರೆಮ್ ಬೇಗ ಬರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. 1960ರಲ್ಲಿ ಅಮೆರಿಕದ ನಿದ್ರಾ ಸಂಶೋಧಕ ವಿಲಿಯಂ ಡಿಮೆಂಟ್ ಇದನ್ನು ತೋರಿಸಿದರು. ವಾರವಿಡೀ ಐದಕ್ಕೆ ಎದ್ದು ಭಾನುವಾರ ಎಂಟರವರೆಗೆ ಮಲಗುವವರಿಗೆ ಅಂದು ಬೆಳಿಗ್ಗೆ ಕನಸಿನ ಜಾತ್ರೆಯೇ ನೆರೆಯುವುದು ಈ ಬಾಕಿಯಿಂದ.

ಹಾಗಾದರೆ ಕನಸು ಯಾಕೆ? ಫಿನ್ಲೆಂಡಿನ ಆಂಟಿ ರೆವೊನ್ಸುವೊ ಅದನ್ನು ಅಪಾಯದ ತಾಲೀಮು ಎಂದರು. ಪೂರ್ವಜರ ಕಾಲದಲ್ಲಿ ರಾತ್ರಿ ಹುಲಿಯಿಂದ ಓಡಿ ಅಭ್ಯಾಸವಾದವನು ಹಗಲಿನಲ್ಲಿ ಬದುಕಿದ ಎಂಬ ತರ್ಕ. ಅಮೆರಿಕದ ಮನೋವೈದ್ಯರಾದ ಹಾಬ್ಸನ್ ಮತ್ತು ಮೆಕ್‌ಕಾರ್ಲಿ 1977ರಲ್ಲಿ, ಮೆದುಳುಕಾಂಡದಿಂದ ಬರುವ ಅಡ್ಡಾದಿಡ್ಡಿ ಸಂದೇಶಗಳಿಗೆ ಮೇಲಿನ ಮೆದುಳು ಹೇಗೋ ಕಥೆ ಹೆಣೆಯುತ್ತದೆ, ಅಷ್ಟೇ ಎಂದರು. ಅದು ಪೂರ್ತಿ ಸರಿಯಲ್ಲ ಎನ್ನಲು ಕಾರಣವೂ ಸಿಕ್ಕಿತು. ಮೆದುಳುಕಾಂಡ ಸರಿಯಿದ್ದು ಮೇಲಿನ ಮೆದುಳಿನ ಕೆಲವು ಜಾಗಗಳಿಗೆ ಪೆಟ್ಟಾದವರಲ್ಲಿ ರೆಮ್ ಉಳಿದರೂ ಕನಸು ನಿಂತುಹೋಗುತ್ತದೆ ಎಂದು ಮಾರ್ಕ್ ಸೋಲ್ಮ್ಸ್ 1990ರ ದಶಕದಲ್ಲಿ ತೋರಿಸಿದರು. ಕಲಿತದ್ದನ್ನು ವಿಂಗಡಿಸಿ ಇಡುವುದು, ಕಹಿ ಅನುಭವದ ಮೊನೆ ಮೊಂಡಾಗಿಸುವುದು ಎಂಬ ವಾದಗಳಿಗೂ ಒಂದಷ್ಟು ಆಧಾರವಿದೆ. ನನ್ನ ಅಭಿಪ್ರಾಯ ಕೇಳಿದರೆ, ಕನಸು ಬೀಳುವ ಆ ನಿದ್ದೆ ದೇಹಕ್ಕೆ ಬೇಕು ಎನ್ನಲು ಪುರಾವೆ ಗಟ್ಟಿಯಾಗಿದೆ. ಆ ನಿದ್ದೆಯಲ್ಲಿ ಕಾಣುವ ಕಥೆಯೂ ಬೇಕು ಎನ್ನಲು ಪುರಾವೆ ತೆಳು. ಕಥೆಯ ಸಾಮಗ್ರಿ ಮಾತ್ರ ಹಗಲಿನದೇ. ಹುಟ್ಟಿನಿಂದ ಕಣ್ಣು ಕಾಣದವರ ಕನಸಿನಲ್ಲಿ ದನಿ, ಸ್ಪರ್ಶ, ವಾಸನೆ ತುಂಬಿರುತ್ತವೆ. ಮಕ್ಕಳನ್ನು ಎಣಿಸುವ ಮೇಡಂ ಕನಸಿನಲ್ಲೂ ಮಕ್ಕಳನ್ನೇ ಎಣಿಸುತ್ತಾರೆ.

ಈಗ ನಿಮ್ಮ ಎಚ್ಚರಕ್ಕೆ ಬರೋಣ. ಮಾತ್ರೆ ಶುರುವಾಗಿ ನಾಲ್ಕು ತಿಂಗಳು, ಕನಸು ಶುರುವಾಗಿ ಮೂರು. ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವ ಔಷಧಿ, ರಕ್ತದಿಂದ ಮೆದುಳಿನೊಳಗೆ ಸರಾಗವಾಗಿ ಹೋಗುತ್ತದೆ. ಜೊತೆಗೆ, ರಾತ್ರಿಯಾಯಿತು ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಸ್ರವಿಸಲು ಪೀನಿಯಲ್ ಗ್ರಂಥಿಗೆ ಸಂದೇಶ ತಲುಪುವುದು ಬೀಟಾ ಗ್ರಾಹಕಗಳೆಂಬ, ಜೀವಕೋಶದ ಮೇಲಿನ ಬಾಗಿಲುಗಳ ಮೂಲಕ, ಈ ಮಾತ್ರೆ ಮುಚ್ಚುವುದು ಅವನ್ನೇ. ಫಲವಾಗಿ ಕೆಲವರಿಗೆ ನಿದ್ದೆ ತುಂಡಾಗುತ್ತದೆ, ಕನಸು ಎದ್ದು ಕಾಣುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮಗಳಲ್ಲಿ ಇದೊಂದು. ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್ ಕೂಡ ಇದೇ ಜಾತಿ. ಅಸ್ತಮಾ ಮತ್ತು ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್, ಸಿಗರೇಟ್ ಬಿಡಿಸುವ ವರೆನಿಕ್ಲಿನ್, ರಾತ್ರಿಯೂ ತೆಗೆಯದ ನಿಕೋಟಿನ್ ಪಟ್ಟಿ, ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಇವೂ ಕನಸನ್ನು ಕೆದಕುತ್ತವೆ. ಖಿನ್ನತೆಯ ಮಾತ್ರೆಗಳಲ್ಲಿ ಹಲವು ರೆಮ್ ಅನ್ನು ಒತ್ತಿಹಿಡಿಯುತ್ತವೆ, ತಟ್ಟನೆ ಬಿಟ್ಟರೆ ಕನಸು ನುಗ್ಗಿ ಬರುತ್ತದೆ. ಹೆಂಡದ ಕಥೆಯೂ ಇದೇ, ಒಂದೇ ರಾತ್ರಿಯೊಳಗೆ. ಮೊದಲರ್ಧದಲ್ಲಿ ರೆಮ್ ಒತ್ತಿಹಿಡಿದು, ಅಮಲಿಳಿದ ಮೇಲೆ ಮೂರು ನಾಲ್ಕರ ಹೊತ್ತಿಗೆ ಬಿಟ್ಟುಬಿಡುತ್ತದೆ.

ದಯವಿಟ್ಟು ಇದನ್ನೋದಿ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಡಿ. ಪ್ರೊಪ್ರನೊಲಾಲ್ ತಟ್ಟನೆ ಬಿಟ್ಟರೆ ಎದೆಬಡಿತ, ರಕ್ತದೊತ್ತಡ ಏರುತ್ತವೆ, ಹೃದಯದ ತೊಂದರೆ ಇರುವವರಿಗೆ ಎದೆನೋವು ಬರಬಹುದು, ತಲೆನೋವು ಮರಳುತ್ತದೆ. ಬರೆದುಕೊಟ್ಟ ವೈದ್ಯರ ಮುಂದೆ ಮೂರು ದಾರಿಗಳಿವೆ. ಹೊತ್ತು ಬದಲಿಸುವುದು ಎಲ್ಲಕ್ಕಿಂತ ಸುಲಭ. ದಿನಕ್ಕೊಂದೇ ಮಾತ್ರೆಯಾದರೆ ಅದನ್ನು ಬೆಳಿಗ್ಗೆಗೆ ಸರಿಸಬಹುದೇ ಎಂದು ಕೇಳಿ. ನಿಧಾನವಾಗಿ ಕರಗುವ ಮಾತ್ರೆಯಾದರೆ ಹೊತ್ತು ಬದಲಿಸಿದರೂ ರಾತ್ರಿ ಅದರ ಪರಿಣಾಮ ಇದ್ದೇ ಇರುತ್ತದೆ, ಲಾಭ ಕಡಿಮೆ. ಎರಡನೆಯದು ಅದೇ ಗುಂಪಿನ, ಆದರೆ ಮೆದುಳಿಗೆ ಕಡಿಮೆ ಹೋಗುವ ಅಟೆನೊಲಾಲ್. ಮೂರನೆಯದು ಗುಂಪನ್ನೇ ಬದಲಿಸುವುದು: ಅಮಿಟ್ರಿಪ್ಟಿಲಿನ್ ಕಡಿಮೆ ಪ್ರಮಾಣದಲ್ಲಿ ನಿದ್ದೆಗೂ ಒಳ್ಳೆಯದು, ಆದರೆ ಬಾಯಿ ಒಣಗುತ್ತದೆ, ಮಲಬದ್ಧತೆ, ಬೆಳಿಗ್ಗೆ ಮಂಪರು ಇರುತ್ತದೆ, ಫ್ಲುನರಿಜಿನ್ ತೂಕ ಏರಿಸುತ್ತದೆ, ಮನಸ್ಸನ್ನು ಕುಗ್ಗಿಸಬಲ್ಲದು, ಹಿಂದೆ ಖಿನ್ನತೆ ಇದ್ದವರಿಗೆ ಬೇಡ. ತಲೆನೋವು ಹಿಡಿತಕ್ಕೆ ಬಂದಿದ್ದರೆ ಮಾತ್ರೆಯನ್ನೇ ಹಂತಹಂತವಾಗಿ ಇಳಿಸುವ ಮಾತೂ ಬರಬಹುದು.

ಮಾತ್ರೆಯೊಂದೇ ಕಾರಣ ಎಂದು ಪಟ್ಟು ಹಿಡಿಯುವುದಿಲ್ಲ. 48 ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸು. ಎಚ್ಚರವಾದಾಗ ಮೈ ಬಿಸಿಯೇರಿ ಕುತ್ತಿಗೆ ಬೆವರಿದ್ದರೆ ಎಬ್ಬಿಸಿದ್ದು ಕನಸಲ್ಲ, ಆ ಬಿಸಿ. ರೆಮ್ ನಿದ್ದೆಯಲ್ಲಿ ದೇಹ ತನ್ನ ಉಷ್ಣತೆಯನ್ನು ಸರಿಯಾಗಿ ಕಾಯ್ದುಕೊಳ್ಳುವುದಿಲ್ಲ, ಹಾಗಾಗಿ ಬೆಳಗಿನ ಜಾವದ ಚಳಿ ಅಥವಾ ಕರೆಂಟ್ ಹೋಗಿ ಫ್ಯಾನ್ ನಿಂತದ್ದೂ ಎಬ್ಬಿಸಲು ಸಾಕು. ಗೊರಕೆ ಇದ್ದು, ಬೆಳಿಗ್ಗೆ ಎದ್ದಾಗಲೇ ತಲೆ ಭಾರವಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ನೋಡಬೇಕು. ಅದು ರೆಮ್‌ನಲ್ಲೇ ಹೆಚ್ಚು, ಅದರ ತಲೆನೋವನ್ನು ಅರೆತಲೆನೋವು ಎಂದು ತಪ್ಪಾಗಿ ತಿಳಿಯುವುದೂ ಉಂಟು. ಇನ್ನೊಂದನ್ನು ನೇರವಾಗಿ ಕೇಳುತ್ತೇನೆ: ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ಸೇರುವುದಿಲ್ಲ, ಬೆಳಗಿನ ಹೊತ್ತೇ ಮನಸ್ಸು ತೀರ ಕೆಟ್ಟಿರುತ್ತದೆ ಎಂದಿದ್ದರೆ ನಸುಕಿನ ಎಚ್ಚರ ಖಿನ್ನತೆಯ ಗುರುತು. ಬದುಕೇ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇವುಗಳಲ್ಲಿ ಯಾವುದು ನಿಮ್ಮದು ಎಂದು ಹಿಡಿಯಲು ಎರಡು ವಾರ ಒಂದು ನೋಟ್‌ಬುಕ್ ಸಾಕು. ಬೆಳಿಗ್ಗೆ ಎದ್ದ ಮೇಲೆ ಒಂದೇ ಸಾಲು ಬರೆಯಿರಿ: ಮಲಗಿದ ಹೊತ್ತು, ಅಂದಾಜಿನ ಮೇಲೆ ಎಚ್ಚರವಾದ ಹೊತ್ತು, ಮಾತ್ರೆ ತಗೊಂಡ ಹೊತ್ತು, ಕೊನೆಯ ಚಾ ಕುಡಿದ ಹೊತ್ತು, ಎಚ್ಚರವಾದಾಗ ಬೆವರಿತ್ತೇ, ತಲೆನೋವಿತ್ತೇ, ಹಗಲಿನ ತೂಕಡಿಕೆಗೆ ಹತ್ತರಲ್ಲಿ ಎಷ್ಟು ಅಂಕ. ಕನಸು ಬಿತ್ತೋ ಇಲ್ಲವೋ ಎಂಬುದನ್ನು ಹೌದು, ಇಲ್ಲ ಎಂದಷ್ಟೇ ಗುರುತು ಹಾಕಿ. ಕನಸಿನ ಕಥೆ ಬರೆಯಬೇಡಿ. ಕನಸು ಬರೆಯುವ ಅಭ್ಯಾಸವೇ ಅದನ್ನು ಹೆಚ್ಚು ನೆನಪಿಡುವ ಅಭ್ಯಾಸವಾಗುತ್ತದೆ, ಈಗ ನಿಮಗೆ ಅದು ಬೇಡ. ನಾಲ್ಕೂವರೆಗೆ ಗಡಿಯಾರ, ಮೊಬೈಲ್ ಎರಡನ್ನೂ ನೋಡಬೇಡಿ. ಇಪ್ಪತ್ತು ನಿಮಿಷವಾಗಿರಬಹುದು ಎನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗಿ. ಒಲೆ ಹಚ್ಚಿ ಕೆಲಸ ಶುರುಮಾಡಿದರೆ ಮೈಗೆ ಅದೇ ಏಳುವ ಹೊತ್ತೆಂದು ರೂಢಿಯಾಗುತ್ತದೆ.

ಸಹೋದ್ಯೋಗಿ ಹೇಳಿದ 'ಅರ್ಧ ಮಾತ್ರೆ' ಬಹುಶಃ ಆಲ್ಪ್ರಜೋಲಂ ಅಥವಾ ಕ್ಲೋನಜೆಪಾಂ. ಮೊದಲ ವಾರ ಚೆನ್ನಾಗಿ ನಿದ್ದೆ ಬರುತ್ತದೆ, ಕನಸೂ ನಿಲ್ಲಬಹುದು. ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಬಿಡಲು ಹೋದರೆ ಮೊದಲಿಗಿಂತ ಕೆಟ್ಟ ನಿದ್ದೆ, ಮೊದಲಿಗಿಂತ ಭಯಾನಕ ಕನಸು. ಅದನ್ನು ನೋಡಿ 'ನನಗೆ ಮಾತ್ರೆ ಬೇಕೇ ಬೇಕು' ಎಂದು ಜನ ವರ್ಷಗಟ್ಟಲೆ ಮುಂದುವರಿಸುತ್ತಾರೆ. ಉಸಿರು ಕಟ್ಟುವ ತೊಂದರೆ ಇದ್ದರಂತೂ ಅದು ಇನ್ನಷ್ಟು ಕೆಡುತ್ತದೆ. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಇನ್ನೊಂದರಿಂದ ಮುಚ್ಚುವ ಈ ದಾರಿ ನನಗೆ ಸರಿಕಾಣದು.

ಕೆರೆಯ ಕನಸಿಗೆ ಬೇರೆ ಉಪಾಯವಿದೆ. ವಾರಕ್ಕೆ ಒಂದೆರಡು ಸಲ ಅದೇ ಕೆಟ್ಟ ಕನಸು ಬಿದ್ದು ಬೆಚ್ಚಿ ಏಳಿಸುತ್ತಿದ್ದರೆ, ಎಚ್ಚರದಲ್ಲಿ ಅದರ ಚಿತ್ರವನ್ನು ಬದಲಿಸಿ ತಾಲೀಮು ಮಾಡುವ ವಿಧಾನಕ್ಕೆ ಒಳ್ಳೆಯ ಪುರಾವೆ ಇದೆ. ಮಧ್ಯಾಹ್ನವೋ ಸಂಜೆಯೋ ಬೆಳಕಿನಲ್ಲಿ ಕೂತು ಆ ಕನಸನ್ನು ಒಂದೇ ಸಲ, ನಾಲ್ಕೈದು ಸಾಲಿನಲ್ಲಿ ಬರೆಯಿರಿ. ಆಮೇಲೆ ನಿಮಗೆ ಬೇಕಾದಂತೆ ಬದಲಿಸಿ ಹೊಸದಾಗಿ ಬರೆಯಿರಿ: ಎಣಿಕೆಯಲ್ಲಿ ಒಬ್ಬ ಕಡಿಮೆ ಬರುತ್ತಾನೆ, ಬಸ್ಸು ಹತ್ತಿ ನೋಡಿದರೆ ಹಿಂದಿನ ಸೀಟಿನಲ್ಲಿ ಬಾಯಿ ಬಿಟ್ಟು ಮಲಗಿದ್ದಾನೆ. ಬದಲಾವಣೆ ಏನೇ ಇರಲಿ, ಅದನ್ನು ನೀವೇ ಆರಿಸಿಕೊಳ್ಳಬೇಕು. ಹಳೆಯ ಹಾಳೆ ಹರಿದುಹಾಕಿ, ಹೊಸದನ್ನು ದಿನಾ ಹತ್ತರಿಂದ ಇಪ್ಪತ್ತು ನಿಮಿಷ ಕಣ್ಮುಚ್ಚಿ ಮನಸ್ಸಿನಲ್ಲಿ ನಡೆಸಿ. ಬಸ್ಸಿನ ಸೀಟಿನ ಬಣ್ಣ, ಹುಡುಗನ ಉಸಿರು, ಕಿಟಕಿಯ ಬಿಸಿಲು, ಇಷ್ಟು ವಿವರ ಬೇಕು. ಎರಡು ಮೂರು ವಾರ ಹಿಡಿಯುತ್ತದೆ. ತಪ್ಪಾಗುವುದು ಎರಡು ಕಡೆ: ಹೊಸ ಕಥೆಯ ಬದಲು ಹಳೆಯದನ್ನೇ ಮೆಲುಕು ಹಾಕುವುದು, ಮತ್ತು ಹಾಸಿಗೆಯಲ್ಲಿ ಮಲಗಿಕೊಂಡು ಮಾಡುವುದು. ನಿಜವಾಗಿ ನಡೆದ ಅಪಘಾತ, ಹಲ್ಲೆ, ಸಾವು ಹಾಗೆಯೇ ಕನಸಿನಲ್ಲಿ ಮರಳುತ್ತಿದ್ದರೆ ಇದನ್ನು ಒಬ್ಬರೇ ಮಾಡಬೇಡಿ, ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಜೊತೆ ಮಾಡಿ.

ಈಗ ಯಜಮಾನರ ವಿಷಯ. ಕನಸಿನಲ್ಲಿ ಓಡುತ್ತೇವೆ, ಹೊಡೆದಾಡುತ್ತೇವೆ, ಆದರೂ ಹಾಸಿಗೆಯಲ್ಲಿ ಅಲುಗದೆ ಬಿದ್ದಿರುತ್ತೇವೆ. ರೆಮ್ ಶುರುವಾದ ಕೂಡಲೇ ಮೆದುಳುಕಾಂಡದಿಂದ ಹೊರಟ ಸಂದೇಶ ಬೆನ್ನುಹುರಿಯಲ್ಲಿ ಸ್ನಾಯುಗಳ ನರಗಳಿಗೆ ಬೀಗ ಹಾಕುತ್ತದೆ, ಉಸಿರಿನ ವಪೆ ಮತ್ತು ಕಣ್ಣಿನ ಸ್ನಾಯು ಬಿಟ್ಟು. ಫ್ರಾನ್ಸಿನ ಮಿಷೆಲ್ ಜುವೆ 1960ರ ದಶಕದಲ್ಲಿ ಬೆಕ್ಕುಗಳ ಪಾನ್ಸ್‌ನಲ್ಲಿ ಈ ಜಾಗವನ್ನು ಕೆಡಿಸಿದಾಗ, ಅವು ನಿದ್ದೆಯಲ್ಲೇ ಎದ್ದು ಕಾಣದ ಬೇಟೆಯ ಮೇಲೆ ಎಗರಿದವು. 1986ರಲ್ಲಿ ಅಮೆರಿಕದ ಮಿನ್ನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಇದನ್ನೇ ಮನುಷ್ಯರಲ್ಲಿ ಗುರುತಿಸಿದರು. ಬೀಗ ಸಡಿಲವಾದವನು ಕನಸನ್ನು ಹಾಸಿಗೆಯ ಮೇಲೆ ಆಡುತ್ತಾನೆ. ವೈದ್ಯರ ಬಳಿ ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದ ಗಂಡಸರು. ಬರೀ ಕನವರಿಕೆ ಇದಲ್ಲ, ನಿದ್ದೆಯಲ್ಲಿ ಗೊಣಗುವುದು ಎಷ್ಟೋ ಜನರಲ್ಲಿ ಇದೆ. ಕೂಗು, ಬೈಗುಳ, ಗುದ್ದು, ಒದೆತ, ಮಂಚದಿಂದ ಹಾರುವುದು ಇದರ ಗುರುತು.

ಇದನ್ನೇ ಹೋಲುವ ಬೇರೆ ತೊಂದರೆಗಳಿವೆ, ಬೇರ್ಪಡಿಸಲು ನಿಮ್ಮ ಕಣ್ಣೇ ಮೊದಲ ಸಾಧನ. ಎಷ್ಟು ಹೊತ್ತಿಗೆ ಆಗುತ್ತದೆ? ಮಲಗಿದ ಒಂದೆರಡು ಗಂಟೆಯೊಳಗೆ ಎದ್ದು ಕಣ್ಣು ತೆರೆದು ಓಡಾಡಿ, ಮಾತಾಡಿಸಿದರೆ ಗೊಂದಲಪಟ್ಟು, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಗಾಢನಿದ್ದೆಯಲ್ಲಿ ನಡೆದಾಡುವ ಅಥವಾ ಬೆಚ್ಚಿಬೀಳುವ ತೊಂದರೆ. ರಾತ್ರಿಯ ಎರಡನೆಯ ಅರ್ಧದಲ್ಲಿ, ಕಣ್ಣು ಮುಚ್ಚಿಕೊಂಡೇ ಬಡಿದಾಡಿ, ಎಬ್ಬಿಸಿದ ಕೂಡಲೇ ಪೂರ್ತಿ ಎಚ್ಚರಗೊಂಡು 'ನಾಯಿ ಅಟ್ಟಿಸಿಕೊಂಡು ಬಂತು, ಒದ್ದೆ' ಎಂದು ಕನಸು ಹೇಳಿದರೆ ಅದು ರೆಮ್. ಪ್ರತಿಸಲ ಒಂದೇ ಬಗೆಯ ಚಲನೆ, ನಾಲಿಗೆ ಕಚ್ಚಿಕೊಳ್ಳುವುದು, ಹಾಸಿಗೆ ಒದ್ದೆ ಇದ್ದರೆ ಅಪಸ್ಮಾರದ ಅನುಮಾನ. ಜೋರು ಗೊರಕೆಯ ನಡುವೆ ಉಸಿರು ನಿಂತು, ಎಳೆದುಕೊಳ್ಳುವಾಗ ಬಡಿದಾಡಿದರೆ ಉಸಿರು ಕಟ್ಟುವ ತೊಂದರೆ. ಅದಕ್ಕೆ ಚಿಕಿತ್ಸೆ ಮಾಡಿದರೆ ಒದೆತ ತಾನೇ ನಿಲ್ಲುತ್ತದೆ. ಖಿನ್ನತೆಯ ಮಾತ್ರೆಗಳು, ಅದರಲ್ಲೂ ವೆನ್ಲಾಫ್ಯಾಕ್ಸಿನ್‌ನಂಥವು, ಈ ಬೀಗವನ್ನು ಸಡಿಲಿಸಬಲ್ಲವು. ಅವರು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ.

ಇಂದು ರಾತ್ರಿಯಿಂದಲೇ ಹಾಸಿಗೆಯ ಏರ್ಪಾಡು ಬದಲಿಸಿ. ಸ್ವಲ್ಪ ದಿನ ಬೇರೆ ಹಾಸಿಗೆಯಲ್ಲಿ ಮಲಗಿ, ಇಲ್ಲವಾದರೆ ನಡುವೆ ಗಟ್ಟಿ ದಿಂಬಿನ ಸಾಲಿಡಿ. ಮಂಚದ ಬದಲು ನೆಲದ ಮೇಲೆ ಹಾಸಿಗೆ ಹಾಕಿದರೆ ಬಿದ್ದು ಮೂಳೆ ಮುರಿಯುವ ಭಯವಿಲ್ಲ. ಕಿಟಕಿಯ ಗಾಜು, ತಂಬಿಗೆ, ಮೇಜಿನ ಚೂಪು ಅಂಚು ಕೈಗೆಟುಕದಿರಲಿ. ಒದೆಯುವಾಗ ಹಿಡಿಯಲು, ಅಲುಗಾಡಿಸಲು ಹೋಗಬೇಡಿ, ನಿಮ್ಮನ್ನೇ ಕನಸಿನ ಶತ್ರು ಎಂದುಕೊಂಡು ಹೊಡೆಯಬಹುದು. ದೂರ ನಿಂತು ಹೆಸರು ಹಿಡಿದು ಕರೆಯಿರಿ. ಗಂಡನ ಹೆಸರು ಹೇಳಲು ಸಂಕೋಚವಿದ್ದರೆ ದೀಪ ಹಾಕಿ. ಕುಡಿತ ಇದ್ದರೆ ನಿಲ್ಲಿಸಬೇಕು.

ನಂತರ ನರರೋಗ ತಜ್ಞರು ಅಥವಾ ನಿದ್ರಾ ತಜ್ಞರು. ಖಾತ್ರಿಯಾಗಲು ಒಂದು ರಾತ್ರಿ ನಿದ್ರಾ ಪ್ರಯೋಗಾಲಯದಲ್ಲಿ ವಿಡಿಯೊ ಸಹಿತ ಪರೀಕ್ಷೆ ಬೇಕು. ತಲೆ, ಗಲ್ಲ, ಕೈಕಾಲುಗಳಿಗೆ ತಂತಿ ಅಂಟಿಸಿ, ರೆಮ್ ಹೊತ್ತಿನಲ್ಲಿ ಸ್ನಾಯು ಸಡಿಲಗೊಂಡಿದೆಯೇ ಎಂದು ನೋಡುತ್ತಾರೆ. ಮನೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ಮಾಡುವ ಉಸಿರಿನ ಪರೀಕ್ಷೆ ಇದಕ್ಕೆ ಸಾಲದು. ನಿದ್ರಾ ಪ್ರಯೋಗಾಲಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲೂ ಇರುತ್ತದೆ. ಹೋಗುವ ಮೊದಲು ವಿಡಿಯೊ ಪರೀಕ್ಷೆ ಇದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಔಷಧಿಯಾಗಿ ಮಲಗುವ ಹೊತ್ತಿಗೆ ಮೆಲಟೋನಿನ್ 3 ಮಿ.ಗ್ರಾಂ.ನಿಂದ ಶುರುಮಾಡಿ ಏರಿಸುತ್ತಾರೆ, ಇಲ್ಲವೇ ಕ್ಲೋನಜೆಪಾಂ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಎರಡನೆಯದು ಗೊರಕೆಯವರಿಗೆ, ಮರೆವು ಇರುವವರಿಗೆ, ರಾತ್ರಿ ಎದ್ದು ಬೀಳುವವರಿಗೆ ಅಪಾಯ. ನಿಮಗೆ ಬೇಡ ಎಂದ ಮಾತ್ರೆ ಅವರಿಗೆ ಬೇಕಾಗಬಹುದು, ಆದರೆ ಅದು ಪರೀಕ್ಷೆಯಾದ ಮೇಲೆ.

ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ, ಮುಚ್ಚಿಡುವುದು ಸರಿಯಲ್ಲ. ಬೇರೆ ಯಾವ ಕಾರಣವೂ ಇಲ್ಲದೆ, ಪರೀಕ್ಷೆಯಲ್ಲಿ ಖಾತ್ರಿಯಾದ ಈ ತೊಂದರೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ ಅಥವಾ ಅದೇ ಬಳಗದ ಮರೆವಿನ ಕಾಯಿಲೆ ಕಾಣಿಸಿಕೊಂಡಿದೆ. ನಿಮ್ಮ ಯಜಮಾನರಿಗೆ ಹಾಗಾಗುತ್ತದೆ ಎಂದು ಇದರ ಅರ್ಥವಲ್ಲ. ಅವರದು ಗೊರಕೆಯದೋ ಮಾತ್ರೆಯದೋ ಇರಬಹುದು, ಈ ಲೆಕ್ಕ ಅವಕ್ಕೆ ಅನ್ವಯಿಸುವುದಿಲ್ಲ. ಈ ಕಾಯಿಲೆಗಳನ್ನು ತಡೆಯುವ ಔಷಧಿ ಇಂದಿಗೆ ಇಲ್ಲ, ಆದರೂ ಮೊದಲೇ ಗೊತ್ತಾದರೆ ವರ್ಷಕ್ಕೊಮ್ಮೆ ನರತಜ್ಞರು ನೋಡುತ್ತಿರುತ್ತಾರೆ, ದಿನಾ ನಡಿಗೆ, ವ್ಯಾಯಾಮ ಶುರುಮಾಡಲು ಅದು ಸಕಾಲ. ಸಾಂಬಾರಿನ ವಾಸನೆ ಹತ್ತುತ್ತದೆಯೇ, ಮಲಬದ್ಧತೆ ಹೊಸದಾಗಿ ಶುರುವಾಗಿದೆಯೇ, ಸಹಿ ಚಿಕ್ಕದಾಗುತ್ತಿದೆಯೇ, ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗಿದೆಯೇ, ತಟ್ಟನೆ ಎದ್ದು ನಿಂತರೆ ತಲೆ ತಿರುಗುತ್ತದೆಯೇ ಎಂದು ಗಮನಿಸಿ ಬರೆದಿಡಿ. ಅವರ ಮುಂದೆ ಪಟ್ಟಿ ಓದಿ ಹೆದರಿಸಬೇಡಿ.

'ನನಗೇನೂ ಆಗಿಲ್ಲ' ಎನ್ನುವವರನ್ನು ಹೊರಡಿಸುವುದು ಹೇಗೆ? ನಿದ್ದೆಯಲ್ಲಿದ್ದವರಿಗೆ ತಾವು ಮಾಡಿದ್ದು ನಿಜವಾಗಿಯೂ ಗೊತ್ತಿರುವುದಿಲ್ಲ. ಅವರ ಒಪ್ಪಿಗೆ ಪಡೆದು, ಮೊಬೈಲನ್ನು ಗೋಡೆಗೆ ಒರಗಿಸಿ ಮೂರರಿಂದ ಐದರವರೆಗೆ ಸಣ್ಣ ದೀಪದಲ್ಲಿ ಎರಡು ಮೂರು ರಾತ್ರಿ ಚಿತ್ರೀಕರಿಸಿ. ಹೇಗೂ ಆ ಹೊತ್ತಿಗೆ ಎಚ್ಚರವಾಗಿರುವವರು ನೀವು. ಆ ವಿಡಿಯೊ, ಮಾತ್ರೆಗಳ ಪಟ್ಟಿ, ನಿಮ್ಮ ಎರಡು ವಾರದ ನೋಟ್‌ಬುಕ್, ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ.